ಜಪಾನಿನ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೊರಟವರಿಗೆ: ಕಾಗದಪತ್ರದಿಂದ ಸಂಜೆಯ ವಿದಾಯದವರೆಗೆ

ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಬಯಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಜಪಾನಿ ಭಾಷೆ ಬಾರದೆ ಕಲಿಸಬಹುದೇ, ದಿನವಿಡೀ ಶಾಲೆಯಲ್ಲಿ ಏನು ಮಾಡಬೇಕಾಗುತ್ತದೆ, ಸಸ್ಯಾಹಾರಿಗಳು ಮಧ್ಯಾಹ್ನದ ಊಟಕ್ಕೆ ಏನು ಮಾಡುತ್ತಾರೆ, ಮಕ್ಕಳು ಬಾಯಿ ಬಿಡದಿದ್ದರೆ ಗತಿಯೇನು ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು, ಒಂದು ಶಾಲಾದಿನ ಸಾಗುವ ಕ್ರಮದಲ್ಲಿಯೇ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಖಾಸಗಿ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಕೆಲಸ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ನಿಮ್ಮ ಹುದ್ದೆಯ ಹೆಸರು ಎ.ಎಲ್.ಟಿ., ಅಂದರೆ ಸಹಾಯಕ ಭಾಷಾ ಶಿಕ್ಷಕ. ಇದರಲ್ಲಿ "ಸಹಾಯಕ" ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ತರಗತಿಯ ಹೊಣೆ ಜಪಾನಿನ ಬೋಧನಾ ಪರವಾನಗಿ ಹೊಂದಿರುವ ತರಗತಿ ಶಿಕ್ಷಕರದು. ಅವರನ್ನು ತನ್ನಿನ್ ಎನ್ನುತ್ತಾರೆ. ಅಂಕ ಕೊಡುವವರು, ಶಿಸ್ತು ಕಾಯುವವರು, ಪೋಷಕರಿಗೆ ಉತ್ತರಿಸುವವರು ಅವರೇ. ಹೊಸಬರು ಎಡವುವುದು ಬಹುಪಾಲು ಇದನ್ನು ಮರೆತು ತಾವೇ ಗುರುಗಳೆಂದು ಹೊರಟಾಗ, ಇಲ್ಲವೇ ಇದನ್ನೇ ನೆಪ ಮಾಡಿಕೊಂಡು ಮೂಲೆಯಲ್ಲಿ ಧ್ವನಿಮುದ್ರಣ ಯಂತ್ರದಂತೆ ನಿಂತಾಗ.

1. ಹೊರಡುವ ಮೊದಲಿನ ಕಾಗದಪತ್ರ

ಈ ಕೆಲಸಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು 1987ರಲ್ಲಿ ಆರಂಭವಾದ ಸರ್ಕಾರಿ ಜೆಟ್ ಕಾರ್ಯಕ್ರಮ. ಆಯಾ ದೇಶದಲ್ಲಿರುವ ಜಪಾನ್ ರಾಯಭಾರ ಕಚೇರಿಯ ಮೂಲಕ ಇದಕ್ಕೆ ಅರ್ಜಿ ಹಾಕಬೇಕು. ಒಪ್ಪಂದ ಒಂದು ವರ್ಷದ್ದು, ನವೀಕರಿಸುತ್ತ ಹೋದರೆ ಹೆಚ್ಚೆಂದರೆ ಐದು ವರ್ಷ. ಎರಡನೆಯದು ನಗರ ಅಥವಾ ಪಟ್ಟಣದ ಶಿಕ್ಷಣ ಮಂಡಳಿಯೇ ನೇರವಾಗಿ ನೇಮಿಸಿಕೊಳ್ಳುವುದು. ಈಗಾಗಲೇ ಜಪಾನಿನಲ್ಲಿ ನೆಲೆಸಿರುವವರಿಗೆ ಇದು ಹೆಚ್ಚು ಅನುಕೂಲ. ಮೂರನೆಯದು ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳ ಮೂಲಕ ಹೋಗುವುದು.

ಕಂಪನಿಯ ದಾರಿ ಹಿಡಿಯುವವರು ಸಹಿ ಹಾಕುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಪ್ಪಂದ "ಹಕೆನ್" ಮಾದರಿಯದಾಗಿದ್ದರೆ, ಅಂದರೆ ಸಿಬ್ಬಂದಿಯನ್ನು ಎರವಲು ಕೊಡುವ ಪದ್ಧತಿಯಾಗಿದ್ದರೆ, ಶಾಲೆಯವರು ನಿಮಗೆ ನೇರವಾಗಿ ಕೆಲಸ ಹೇಳಬಹುದು. "ಗ್ಯೋಮು ಇತಕು" ಮಾದರಿಯಾದರೆ, ಅಂದರೆ ಇಡೀ ಕೆಲಸವನ್ನೇ ಹೊರಗುತ್ತಿಗೆಗೆ ಕೊಟ್ಟಿದ್ದರೆ, ತರಗತಿ ಶಿಕ್ಷಕರು ನಿಮಗೆ ನೇರವಾಗಿ ಸೂಚನೆ ಕೊಡುವಂತಿಲ್ಲ. ಸೂಚನೆಗಳು ಕಂಪನಿಯ ಮೂಲಕವೇ ಬರಬೇಕು. ಇಬ್ಬರು ಸೇರಿ ನಡೆಸಬೇಕಾದ ಪಾಠಕ್ಕೆ ಈ ಏರ್ಪಾಡು ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ಊಹಿಸಬಹುದು. ರಜೆಯ ತಿಂಗಳುಗಳಲ್ಲಿ ಸಂಬಳ ಪೂರ್ತಿ ಬರುತ್ತದೆಯೇ ಎಂಬುದನ್ನೂ ಬರಹದಲ್ಲಿಯೇ ಕೇಳಿ ಪಡೆಯಿರಿ. ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಇರುತ್ತದೆ, ಆ ತಿಂಗಳ ಸಂಬಳದಲ್ಲಿ ಕಡಿತ ಮಾಡುವ ಕಂಪನಿಗಳೂ ಇವೆ.

ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದಿದೆ. ಸರ್ಕಾರಿ ಶಾಲೆಯ ಸಹಾಯಕ ಶಿಕ್ಷಕರಿಗೆ ಸಿಗುವ ವಾಸದ ಪರವಾನಗಿಯ ವರ್ಗಕ್ಕೆ "ಕ್ಯೋಇಕು", ಅಂದರೆ ಶಿಕ್ಷಣ, ಎಂದು ಹೆಸರು. ಇದಕ್ಕೆ ಪದವಿಯ ಜೊತೆಗೆ, ಕಲಿಸಲಿರುವ ಭಾಷೆಯ ಮಾಧ್ಯಮದಲ್ಲಿಯೇ 12 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಓದಿರಬೇಕೆಂಬ ನಿಯಮವಿದೆ. ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಪಿಯುಸಿ ಮುಗಿಯುವಷ್ಟರಲ್ಲಿ ಈ ಲೆಕ್ಕ ತುಂಬುತ್ತದೆ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟರಿಂದ ಇಂಗ್ಲಿಷಿಗೆ ಬದಲಾದವರಿಗೆ ಪ್ರೌಢಶಾಲೆಯ 3, ಪಿಯುಸಿಯ 2, ಪದವಿಯ 3, ಸ್ನಾತಕೋತ್ತರದ 2 ಎಲ್ಲ ಸೇರಿಸಿದರೂ 10 ವರ್ಷವೇ ಆಗುತ್ತದೆ. ಆದ್ದರಿಂದ ಟಿಕೆಟ್ಟಿಗೆ ಹಣ ಕಟ್ಟುವ ಮೊದಲು ಈ ಲೆಕ್ಕ ಹಾಕಿ ನೋಡಿ. ಓದಿದ ಪ್ರತಿ ಶಾಲೆ ಮತ್ತು ಕಾಲೇಜಿನಿಂದ ಬೋಧನಾ ಮಾಧ್ಯಮದ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಮುಚ್ಚಿಹೋದ ಶಾಲೆಯ ದಾಖಲೆಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅಲೆಯಬೇಕಾದರೆ ಅದಕ್ಕೂ ತಿಂಗಳುಗಳು ಹಿಡಿಯುತ್ತವೆ.

2. ಯಾವ ತರಗತಿಗೆ ಏನು ಕಲಿಸಬೇಕು

2020ರ ಏಪ್ರಿಲಿನಿಂದ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ 3 ಮತ್ತು 4ನೆಯ ತರಗತಿಗಳಿಗೆ ವರ್ಷಕ್ಕೆ 35 ಅವಧಿಗಳ "ವಿದೇಶಿ ಭಾಷಾ ಚಟುವಟಿಕೆ" ಇದೆ. 5 ಮತ್ತು 6ನೆಯ ತರಗತಿಗಳಿಗೆ ವರ್ಷಕ್ಕೆ 70 ಅವಧಿಗಳಿದ್ದು, ಅಲ್ಲಿ ಅದು ಪೂರ್ಣ ಪ್ರಮಾಣದ ವಿಷಯ. ಒಂದು ಅವಧಿ 45 ನಿಮಿಷದ್ದು. ಅಂದರೆ ಕೆಳಗಿನವರಿಗೆ ವಾರಕ್ಕೊಮ್ಮೆ, ಮೇಲಿನವರಿಗೆ ವಾರಕ್ಕೆರಡು ಬಾರಿ ಪಾಠ ನಡೆಯುತ್ತದೆ.

ಈ ಎರಡು ಹಂತಗಳ ವ್ಯತ್ಯಾಸ ಕೇವಲ ಗಂಟೆಗಳ ಲೆಕ್ಕದ್ದಲ್ಲ. 3 ಮತ್ತು 4ರಲ್ಲಿ ಕೇಳುವುದು, ಮಾತಾಡುವುದು ಮಾತ್ರ ಗುರಿ. ಅಂಕಗಳಿಲ್ಲ, ಪ್ರಗತಿಪತ್ರದಲ್ಲಿ ತರಗತಿ ಶಿಕ್ಷಕರು ಒಂದೆರಡು ಮಾತು ಬರೆಯುತ್ತಾರೆ. ಶಿಕ್ಷಣ ಸಚಿವಾಲಯವೇ ಹೊರತಂದ "ಲೆಟ್ಸ್ ಟ್ರೈ!" ಎಂಬ ಎರಡು ಭಾಗಗಳ ಪುಸ್ತಕ ಇಲ್ಲಿ ಬಳಕೆಯಲ್ಲಿದೆ, ಮೊದಲ ಭಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು, ಎರಡನೆಯದರಲ್ಲಿ ಸಣ್ಣಕ್ಷರಗಳು ಬರುತ್ತವೆ. 5 ಮತ್ತು 6ಕ್ಕೆ ಖಾಸಗಿ ಪ್ರಕಾಶಕರ ಅನುಮೋದಿತ ಪಠ್ಯಪುಸ್ತಕಗಳಿವೆ, ಓದುವುದು ಮತ್ತು ಬರೆಯುವುದು ಸೇರಿಕೊಳ್ಳುತ್ತದೆ, ಅಂಕಗಳೂ ಇರುತ್ತವೆ. ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ ಮಕ್ಕಳು ಎದುರುಗೊಳ್ಳಬೇಕಾದ ಪದಗಳು 600ರಿಂದ 700.

ನಮ್ಮೂರಿನ ಕಾನ್ವೆಂಟ್ ಶಾಲೆಯಲ್ಲಿ ಓದಿದವರಿಗೆ ಇದು ತೀರ ಕಡಿಮೆ ಎನಿಸಬಹುದು. ಮೂರನೆಯ ತರಗತಿಯ ಮಗುವಿಗೆ ಕಾಗುಣಿತ ಕಲಿಸಲು, ವ್ಯಾಕರಣದ ನಿಯಮ ಹೇಳಲು ಕೈ ತುರಿಸುತ್ತದೆ. ಅದನ್ನು ತಡೆದುಕೊಳ್ಳಿ. ಬರೆಯಲು ಇನ್ನೂ ಕಲಿಯದ ಮಗುವಿಗೆ ಪದ ಬರೆದುಕೊಂಡು ಬಾ ಎಂದರೆ ಮರುದಿನ ಬರುವುದು ಮಗುವಿನ ಬರಹವಲ್ಲ, ಪೋಷಕರ ದೂರವಾಣಿ ಕರೆ.

3. ಬೆಳಗ್ಗೆ ಶಾಲೆಗೆ ಕಾಲಿಡುವಾಗ

ಹೊಸ ಶಾಲೆಗೆ ಮೊದಲ ದಿನ ಹೋಗುವಾಗ ಒಳಗೆ ಹಾಕಿಕೊಳ್ಳುವ ಪ್ರತ್ಯೇಕ ಶೂ ಜೊತೆಗಿರಲಿ. ಇದನ್ನು ಉವಬಕಿ ಎನ್ನುತ್ತಾರೆ. ಪ್ರವೇಶದ್ವಾರದಲ್ಲಿ ಹೊರಗಿನ ಶೂ ಬಿಚ್ಚಿ ನಿಮ್ಮ ಹೆಸರಿನ ಗೂಡಿನಲ್ಲಿಟ್ಟು, ಇದನ್ನು ಹಾಕಿಕೊಂಡೇ ಒಳಗೆ ಹೋಗಬೇಕು. ಮನೆಯೊಳಗೆ ಚಪ್ಪಲಿ ತರದ ಅಭ್ಯಾಸವಿರುವ ನಮಗೆ ಇದು ಸಲೀಸು; ಆದರೆ ಅತಿಥಿಗಳಿಗಾಗಿ ಇಟ್ಟಿರುವ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿ ಮಕ್ಕಳ ಹಿಂದೆ ಓಡಲು ಸಾಧ್ಯವಿಲ್ಲ, ಆದ್ದರಿಂದ ಹಿಮ್ಮಡಿ ಹಿಡಿಯುವ ಶೂ ತನ್ನಿ. ನಿಮ್ಮ ಪಾದ ದೊಡ್ಡದಾಗಿದ್ದರೆ ಊರಿನಿಂದಲೇ ಕೊಂಡೊಯ್ಯುವುದು ಒಳ್ಳೆಯದು.

ಅಧ್ಯಾಪಕರ ಕೊಠಡಿಗೆ ಶೊಕುಇನ್‌ಶಿತ್ಸು ಎಂದು ಹೆಸರು. ಎಲ್ಲ ಶಿಕ್ಷಕರ ಮೇಜುಗಳೂ ಒಂದೇ ಕೋಣೆಯಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಳಗೆ ಬರುವಾಗ "ಒಹಾಯೋ ಗೊಝಾಯ್‌ಮಸು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಯಾರೂ ತಲೆ ಎತ್ತದಿದ್ದರೂ ಹೇಳಿದ್ದನ್ನು ಗಮನಿಸಿರುತ್ತಾರೆ, ಹೇಳದಿದ್ದುದನ್ನು ಇನ್ನೂ ಚೆನ್ನಾಗಿ ಗಮನಿಸಿರುತ್ತಾರೆ. ಅಲ್ಲಿ ನೀವು ಮೊದಲು ಪರಿಚಯ ಮಾಡಿಕೊಳ್ಳಬೇಕಾದವರು ಮುಖ್ಯೋಪಾಧ್ಯಾಯರಿಗಿಂತ ಹೆಚ್ಚಾಗಿ ಉಪಮುಖ್ಯೋಪಾಧ್ಯಾಯರು, ಅಂದರೆ ಕ್ಯೋತೋ-ಸೆನ್ಸೇ. ರಜೆ, ಊಟದ ಹಣ, ವೇಳಾಪಟ್ಟಿಯ ಬದಲಾವಣೆ, ಬಾಗಿಲ ಬೀಗ ಎಲ್ಲವೂ ಅವರ ಕೈಯಲ್ಲಿರುತ್ತದೆ.

ಗೋಡೆಯ ಮೇಲಿನ ಬಿಳಿ ಹಲಗೆಯನ್ನು ದಿನವೂ ಓದಿ. ಕ್ರೀಡಾಕೂಟದ ತಾಲೀಮು, ವೈದ್ಯಕೀಯ ತಪಾಸಣೆ, 5 ನಿಮಿಷ ಕಡಿಮೆ ಮಾಡಿದ ಅವಧಿಗಳು ಎಲ್ಲವೂ ಅಲ್ಲಿರುತ್ತವೆ. ನಿಮಗಾಗಿ ಯಾರೂ ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ಜಪಾನಿ ಬಾರದವರು ವಾರದ ದಿನಗಳ, 1ರಿಂದ 6ರವರೆಗಿನ ಅಂಕಿಗಳ, ತರಗತಿ, ಅವಧಿ, ರದ್ದು, ಬದಲಾವಣೆ ಎಂಬ ಪದಗಳ ಲಿಪಿರೂಪವನ್ನು ಗುರುತಿಸುವಷ್ಟನ್ನಾದರೂ ಮೊದಲ ತಿಂಗಳಲ್ಲಿ ಕಲಿತುಬಿಡಬೇಕು. ಭಾಷೆ ಬಾರದೆ ಕಲಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ತರಗತಿಯೊಳಗೆ ಕಲಿಸಬಹುದು, ಈ ಕೋಣೆಯೊಳಗೆ ಬದುಕುವುದು ಕಷ್ಟ. ಸಮಾಧಾನದ ವಿಷಯವೆಂದರೆ ಜಪಾನಿಯ ವಾಕ್ಯರಚನೆ ಕನ್ನಡಕ್ಕೆ ಹತ್ತಿರವಾಗಿದೆ. ಕರ್ತೃ, ಕರ್ಮ, ಕೊನೆಯಲ್ಲಿ ಕ್ರಿಯಾಪದ ಎಂಬ ಕ್ರಮ ಎರಡರಲ್ಲೂ ಒಂದೇ. ಅಲ್ಲಿನ ಅಕ್ಷರಮಾಲೆಯ "ಅ, ಇ, ಉ, ಎ, ಒ" ಮತ್ತು "ಕ, ಸ, ತ, ನ" ಕ್ರಮದ ಹಿಂದೆಯೂ ಬೌದ್ಧರ ಮೂಲಕ ಅಲ್ಲಿಗೆ ತಲುಪಿದ ಭಾರತದ ವರ್ಣಮಾಲೆಯ ಪ್ರಭಾವವಿದೆ.

4. ಐದು ನಿಮಿಷದ ಉಚಿಅವಸೆ

ಪಾಠದ ಮೊದಲು ತರಗತಿ ಶಿಕ್ಷಕರೊಡನೆ ನಡೆಸುವ ಚುಟುಕು ಮಾತುಕತೆಗೆ ಉಚಿಅವಸೆ ಎನ್ನುತ್ತಾರೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಗಣಿತ, ವಿಜ್ಞಾನ, ಭಾಷೆ, ವ್ಯಾಯಾಮ ಎಲ್ಲವನ್ನೂ ತಾವೇ ಕಲಿಸುವವರಾದ್ದರಿಂದ ಅವರಿಗೆ ಬಿಡುವಿರುವುದಿಲ್ಲ. ಕೆಲವೊಮ್ಮೆ ಈ ಮಾತುಕತೆ ಕಾರಿಡಾರಿನಲ್ಲಿ ನಡೆಯುತ್ತಲೇ ಮುಗಿಯುತ್ತದೆ. ಆದ್ದರಿಂದ "ಇಂದು ಏನು ಮಾಡೋಣ" ಎಂದು ಬರಿಗೈಯಲ್ಲಿ ಹೋಗಿ ಕೇಳಬೇಡಿ. ಒಂದು ಹಾಳೆಯ ಅರ್ಧಭಾಗದಲ್ಲಿ ಪಾಠದ ಹೆಸರು, ಪುಟ, ನಿಮಿಷಗಳ ಹಂಚಿಕೆ, ಯಾವ ಭಾಗವನ್ನು ಯಾರು ನಡೆಸಬೇಕು, ಬೇಕಾದ ಸಾಮಗ್ರಿ ಇಷ್ಟನ್ನು ಬರೆದು ಹಿಂದಿನ ದಿನವೇ ಅವರ ಮೇಜಿನ ಮೇಲಿಡಿ. ಅವರು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದರೆ ಬೇಸರಿಸಬೇಡಿ. ತಿದ್ದುವಷ್ಟು ಆಸಕ್ತಿ ವಹಿಸುವ ಶಿಕ್ಷಕರು ಸಿಕ್ಕಿದ್ದು ಅದೃಷ್ಟ.

ಈ ಹಂತದಲ್ಲಿಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಯಾವ ಮಗುವನ್ನು ಎಲ್ಲರೆದುರು ಮಾತಾಡಿಸಬಾರದು? ಮಾತು ಹೊರಡದ ಮಕ್ಕಳು, ಶಬ್ದ ಹೆಚ್ಚಾದರೆ ಹೆದರುವ ಮಕ್ಕಳು, ಬಹುದಿನಗಳ ನಂತರ ಶಾಲೆಗೆ ಮರಳಿದ ಮಕ್ಕಳು ಪ್ರತಿ ತರಗತಿಯಲ್ಲೂ ಇರಬಹುದು. ಕೇಳದ ಹೊರತು ಇದನ್ನು ನಿಮಗೆ ಯಾರೂ ಹೇಳುವುದಿಲ್ಲ.

5. ನಲವತ್ತೈದು ನಿಮಿಷ

ಪಾಠಕ್ಕೆ ಒಂದು ನಿಶ್ಚಿತ ಚೌಕಟ್ಟಿದೆ. ಎದ್ದು ನಿಂತು ವಂದನೆ, ಬಾಯಿ ಸಡಿಲಿಸುವ ಹಾಡು ಅಥವಾ ಆಟ, ಹಲಗೆಯ ಮೇಲೆ ಅಂದಿನ ಗುರಿ, ಚಟುವಟಿಕೆ, ಕೊನೆಗೆ ಅವಲೋಕನ. ಗುರಿಯನ್ನು ಮೆಅತೆ ಎಂದೂ, ಮಕ್ಕಳು ತಾವು ಕಲಿತದ್ದನ್ನು ಚೀಟಿಯಲ್ಲಿ ಜಪಾನಿಯಲ್ಲಿ ಬರೆಯುವ ಕೊನೆಯ ಐದು ನಿಮಿಷವನ್ನು ಫುರಿಕಎರಿ ಎಂದೂ ಕರೆಯುತ್ತಾರೆ. ಆಟ ಚೆನ್ನಾಗಿ ನಡೆಯುತ್ತಿದೆಯೆಂದು ಈ ಐದು ನಿಮಿಷವನ್ನು ತಿಂದುಹಾಕುವುದು ಹೊಸಬರ ಸಾಮಾನ್ಯ ತಪ್ಪು. ಆ ಚೀಟಿಗಳೇ ತರಗತಿ ಶಿಕ್ಷಕರಿಗೆ ಮೌಲ್ಯಮಾಪನದ ಆಧಾರ.

ಮೂರನೆಯ ತರಗತಿಯ "ಎಷ್ಟು?" ಎಂದು ಕೇಳುವ ಪಾಠವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಅಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ 1ರಿಂದ 20ರವರೆಗೆ ಎಣಿಸಬೇಕು. ಮೊದಲು ಎಲ್ಲರೂ ಒಟ್ಟಿಗೆ ಎಣಿಸಲಿ, ನಂತರ ಹಿಮ್ಮುಖವಾಗಿ, ನಂತರ ಪಿಸುಮಾತಿನಲ್ಲಿ. ಆಮೇಲೆ "ಮುಖ್ಯಪದ" ಆಟ ಆಡಿಸಬಹುದು: ಇಬ್ಬರು ಮಕ್ಕಳ ನಡುವೆ ಒಂದು ರಬ್ಬರು ಇಡಬೇಕು, ನೀವು ಹೇಳಿದ ಸಂಖ್ಯೆಗಳನ್ನೆಲ್ಲ ಅವರು ಮರುನುಡಿಯಬೇಕು, ಮೊದಲೇ ಗೊತ್ತುಮಾಡಿದ ಸಂಖ್ಯೆ ಬಂದಾಗ ಮಾತ್ರ ರಬ್ಬರನ್ನು ಕಸಿಯಬೇಕು. ಚೀಟಿಗಳನ್ನು ಹರಡಿ ಕೇಳಿದ ಪದದ ಚಿತ್ರವನ್ನು ಮೊದಲು ಮುಟ್ಟುವ ಕರುತ ಆಟವೂ ಮಕ್ಕಳಿಗೆ ಹಳೆಯ ಪರಿಚಯ. ಇಬ್ಬರೂ ಒಟ್ಟಿಗೆ ಮುಟ್ಟಿದರೆ ಏನು ಎಂಬ ಜಗಳಕ್ಕೆ ಮೊದಲೇ ಉತ್ತರ ಸಿದ್ಧವಿರಲಿ: ಜನ್ಕೆನ್, ಅಂದರೆ ಕಲ್ಲು, ಕತ್ತರಿ, ಕಾಗದ. ಅದರ ತೀರ್ಪನ್ನು ಜಪಾನಿನ ಮಕ್ಕಳು ಮರುಮಾತಿಲ್ಲದೆ ಒಪ್ಪುತ್ತಾರೆ.

ಆಟದ ನಿಯಮವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಬೇಡಿ. ಎರಡು ನಿಮಿಷ ವಿವರಿಸಿದ ನಂತರ ಮಕ್ಕಳು ತರಗತಿ ಶಿಕ್ಷಕರ ಮುಖ ನೋಡುತ್ತಾರೆ, ಅವರು ಜಪಾನಿಯಲ್ಲಿ ಇಪ್ಪತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ, ಮುಂದಿನ ವಾರದಿಂದ ನಿಮ್ಮ ಮಾತನ್ನು ಕೇಳಬೇಕಾದ ಅಗತ್ಯವೇ ಇಲ್ಲವೆಂದು ಮಕ್ಕಳು ಕಲಿತುಬಿಡುತ್ತಾರೆ. ಬದಲಿಗೆ ನೀವಿಬ್ಬರೂ ಎದುರೆದುರು ನಿಂತು ಆಡಿ ತೋರಿಸಿ. ಒಮ್ಮೆ ಬೇಕೆಂದೇ ತಪ್ಪು ಆಡಿ. ಅದು ತಪ್ಪೆಂದು ಮಕ್ಕಳು ಕೂಗಿದರೆ ನಿಯಮ ಅರ್ಥವಾಗಿದೆಯೆಂದು ತಿಳಿಯಬಹುದು. ಅರ್ಥವಾಯಿತೇ ಎಂದು ಕೇಳುವುದರಿಂದ ಮಾತ್ರ ಏನೂ ತಿಳಿಯುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ.

ತಲೆಯಾಡಿಸುವ ಮಾತು ಬಂದದ್ದರಿಂದ ಹೇಳುತ್ತೇನೆ: ಒಪ್ಪಿಗೆಗೆ ನಾವು ತಲೆಯನ್ನು ಅತ್ತಿತ್ತ ಓಲಾಡಿಸುವುದು ಜಪಾನಿನ ಮಕ್ಕಳಿಗೆ "ಅಲ್ಲ" ಎಂದೋ "ಸಂಶಯ" ಎಂದೋ ಕಾಣುತ್ತದೆ. ಸರಿಯಾದ ಉತ್ತರ ಹೇಳಿದ ಮಗು ನಿಮ್ಮ ತಲೆಯನ್ನು ನೋಡಿ ತನ್ನ ಉತ್ತರವನ್ನೇ ಬದಲಿಸಿಬಿಡುತ್ತದೆ. ಮೇಲಿಂದ ಕೆಳಕ್ಕೆ ತಲೆದೂಗುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಳ್ಳಿ. ಇದಕ್ಕಿಂತ ದೊಡ್ಡ ಅಪಾಯ ಕೆಂಪು ಪೆನ್ನಿನಲ್ಲಿದೆ. ಜಪಾನಿನಲ್ಲಿ ಸರಿ ಉತ್ತರಕ್ಕೆ ವೃತ್ತ ಹಾಕುತ್ತಾರೆ, ನಮ್ಮ "ಸರಿ" ಗುರುತು ಅಲ್ಲಿ ತಪ್ಪಿನ ಗುರುತು. ನಾನು ಮೊದಲ ವಾರ 32 ಮಕ್ಕಳ ಹಾಳೆಗಳಿಗೆ ಉದಾರವಾಗಿ ಸರಿ ಗುರುತು ಹಾಕಿ ಹಂಚಿದೆ. ತರಗತಿ ಸ್ತಬ್ಧವಾಯಿತು, ಮುಂದಿನ ಸಾಲಿನ ಹುಡುಗಿ ಅತ್ತೇಬಿಟ್ಟಳು. ತುಂಬ ಚೆನ್ನಾಗಿ ಮಾಡಿದವರಿಗೆ ವೃತ್ತದ ಸುತ್ತ ಎಸಳುಗಳನ್ನು ಬಿಡಿಸಿ ಹೂವಾಗಿಸುವ ಪದ್ಧತಿಯಿದೆ, ಅದನ್ನು ಕಲಿತುಕೊಳ್ಳಿ.

ಮಾತಾಡದ ಮಕ್ಕಳ ವಿಷಯ. ಮೂರನೆಯ ತರಗತಿಯಲ್ಲಿ ಕೈ ಎತ್ತಿ ಕುಣಿಯುವ ಮಕ್ಕಳೇ ಆರನೆಯ ತರಗತಿಗೆ ಬರುವಷ್ಟರಲ್ಲಿ ಮೌನಿಗಳಾಗುತ್ತಾರೆ. ಇದನ್ನು ಅನಾಸಕ್ತಿ ಎಂದು ಓದಬೇಡಿ. ಮೂವತ್ತು ಮಂದಿಯ ಮುಂದೆ ತಪ್ಪಾಡುವ ಅಂಜಿಕೆಯೇ ಬಹುಪಾಲು ಕಾರಣ. ಪ್ರಶ್ನೆಯನ್ನು ನೇರವಾಗಿ ಒಬ್ಬರಿಗೆ ಎಸೆಯುವ ಬದಲು ಮೊದಲು ಎಲ್ಲರೂ ಒಟ್ಟಾಗಿ ಹೇಳಲಿ, ನಂತರ ಪಕ್ಕದವರೊಡನೆ, ನಂತರ ನಾಲ್ವರ ಗುಂಪಿನಲ್ಲಿ, ಅದಾದ ಮೇಲೆ ಬೇಕಾದವರು ಮಾತ್ರ ಎಲ್ಲರೆದುರು. ಗುಂಪಿನವರು ತಲೆಗೆ ತಲೆ ಸೇರಿಸಿ ಸಮಾಲೋಚಿಸಿ ಉತ್ತರಿಸಲು ಬಿಡಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನ ನಿಮಗೆ ಅಸಹನೀಯವಾಗಬಹುದು, ಮಗುವಿಗೆ ಅದು ಬೇಕಾದ ಸಮಯ.

ತರಗತಿ ಶಿಕ್ಷಕರು ಹಲಗೆಯ ಮೇಲೆ ಇಂಗ್ಲಿಷ್ ಪದವನ್ನು ತಪ್ಪಾಗಿ ಬರೆದರೆ ಮಕ್ಕಳೆದುರು ತಿದ್ದಬೇಡಿ. ಹತ್ತಿರ ಹೋಗಿ ಮೆಲ್ಲಗೆ ತಿಳಿಸಿ, ಅಥವಾ ನೀವು ಅದೇ ಪದ ಬರೆಯುವ ಸಂದರ್ಭ ತಂದುಕೊಂಡು ಸರಿಯಾಗಿ ಬರೆಯಿರಿ. ಮಕ್ಕಳ ಮುಂದೆ ಇಂಗ್ಲಿಷ್ ಮಾತಾಡಲು ಹಿಂಜರಿಯುವ ಶಿಕ್ಷಕರು ಬಹಳಷ್ಟಿದ್ದಾರೆ. ಒಮ್ಮೆ ಮುಖಭಂಗವಾದರೆ ಮುಂದೆ ಅವರು ಇಂಗ್ಲಿಷಿನಲ್ಲಿ ಬಾಯಿ ಬಿಡುವುದಿಲ್ಲ, ದೊಡ್ಡವರೇ ಮಾತಾಡದ ಭಾಷೆಯನ್ನು ಮಕ್ಕಳೂ ಆಡುವುದಿಲ್ಲ.

6. ಉಚ್ಚಾರಣೆ: ನಮಗಿರುವ ಅನುಕೂಲ, ನಮ್ಮದೇ ತೊಡಕು

ಇಂಗ್ಲಿಷ್ ಪದಗಳನ್ನು ಜಪಾನಿ ಲಿಪಿಯ ಉಚ್ಚಾರಣೆಗೆ ಒಗ್ಗಿಸಿ ಹೇಳುವುದನ್ನು ಕತಕನ ಇಂಗ್ಲಿಷ್ ಎನ್ನುತ್ತಾರೆ. ಕತಕನ ಎಂಬುದು ಹೊರಗಿನ ಪದಗಳನ್ನು ಬರೆಯುವ ಅಕ್ಷರಗುಚ್ಛ. ಬಸ್ ಅಲ್ಲಿ "ಬಸು", ಡೆಸ್ಕ್ "ದೆಸುಕು". ಕನ್ನಡದಲ್ಲಿ ನಾವೂ "ಬಸ್ಸು", "ಕಾರು", "ಪೆನ್ನು" ಎಂದು ವ್ಯಂಜನದ ಕೊನೆಗೆ ಉಕಾರ ಸೇರಿಸುವವರೇ ಅಲ್ಲವೇ? ಮಕ್ಕಳ ನಾಲಿಗೆ ಎಲ್ಲಿ ಮತ್ತು ಏಕೆ ಜಾರುತ್ತದೆ ಎಂಬುದು ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರಿಗಿಂತ ನಮಗೆ ಬೇಗ ತಿಳಿಯುತ್ತದೆ.

ಇನ್ನೊಂದು ಅನುಕೂಲವೂ ಇದೆ. ಜಪಾನಿ ಕಿವಿ ಮಾತ್ರೆಗಳನ್ನು ಎಣಿಸುತ್ತದೆ. ಹಾಯಿಕುವಿನ 5, 7, 5 ಎಂಬ ಲೆಕ್ಕ ನಮ್ಮ ಮಾತ್ರಾಗಣದ ಲೆಕ್ಕಕ್ಕೆ ಹತ್ತಿರದ್ದು, ದೀರ್ಘಸ್ವರಕ್ಕೆ ಎರಡು ಮಾತ್ರೆ ಎಂಬ ನಿಯಮವೂ ಅಲ್ಲಿದೆ. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಉಸಿರಿನ "ಮಿಲ್ಕ್" ಮಕ್ಕಳ ಬಾಯಲ್ಲಿ "ಮಿ-ರು-ಕು" ಎಂದು ಮೂರಾಗುತ್ತದೆ, ಮೂರು ಭಾಗದ "ಸ್ಟ್ರಾಬೆರಿ" ಆರು ಮಾತ್ರೆಗೆ ಹಿಗ್ಗುತ್ತದೆ. ಇದನ್ನು ಬಾಯಿಮಾತಿನಿಂದ ತಿದ್ದಲಾಗದು, ಚಪ್ಪಾಳೆಯಿಂದ ತಿದ್ದಬಹುದು. ಒಂದು ಪದಕ್ಕೆ ಒಂದೇ ಚಪ್ಪಾಳೆ ಎಂದು ತೋರಿಸಿ "ಮಿಲ್ಕ್" ಹೇಳಿಸಿ. ಮಕ್ಕಳು ಒಂದು ಚಪ್ಪಾಳೆಯೊಳಗೆ ಮೂರನ್ನೂ ತುರುಕಲು ಹೋಗಿ ನಗುತ್ತಾರೆ, ನಾಲ್ಕನೆಯ ಯತ್ನಕ್ಕೆ ಉಕಾರ ಉದುರಿಹೋಗುತ್ತದೆ. ರ ಮತ್ತು ಲ ನಮ್ಮಲ್ಲಿ ಬೇರೆಬೇರೆ ಅಕ್ಷರಗಳಾದ್ದರಿಂದ ಆ ವ್ಯತ್ಯಾಸವನ್ನು ತೋರಿಸುವುದು ನಮಗೆ ಸುಲಭ. ಆದರೆ ಜಪಾನಿಯಲ್ಲಿ ಎರಡಕ್ಕೂ ಒಂದೇ ಧ್ವನಿ, ಅದನ್ನು ಒಂದು ವರ್ಷದಲ್ಲಿ ಸರಿಪಡಿಸುವ ಹಟ ಬೇಡ.

ಇನ್ನು ನಮ್ಮ ತೊಡಕು. ಇಂಗ್ಲಿಷಿನ ಮೊಟ್ಟೆಯನ್ನು "ಯೆಗ್" ಎನ್ನುವುದು, ಮೃಗಾಲಯವನ್ನು "ಜೂ" ಎನ್ನುವುದು, ತುಟಿ ದುಂಡಗೆ ಮಾಡಿ ಹೇಳಬೇಕಾದ ಧ್ವನಿಗೂ ಹಲ್ಲಿಗೆ ತುಟಿ ತಾಗಿಸಬೇಕಾದ ಧ್ವನಿಗೂ ಒಂದೇ "ವ" ಬಳಸುವುದು, ನಾಲಿಗೆ ಮಡಿಸಿ ಗಟ್ಟಿಯಾಗಿ "ಟ", "ಡ" ಹೇಳುವುದು. "ಝೂ" ಎಂಬ ಧ್ವನಿ ಜಪಾನಿನ ಮಕ್ಕಳಿಗೆ ಬರುತ್ತದೆ, ನಮ್ಮಲ್ಲಿ ಹಲವರಿಗೆ ಬರುವುದಿಲ್ಲ. ಪಠ್ಯಪುಸ್ತಕದೊಡನೆ ಬರುವ ಧ್ವನಿಮುದ್ರಿಕೆಯನ್ನು ಹಿಂದಿನ ಸಂಜೆ ಕೇಳಿ ಆ ಪಾಠದ ಪದಗಳನ್ನಾದರೂ ಅಭ್ಯಾಸ ಮಾಡಿ. ಭಾರತದ ಇಂಗ್ಲಿಷ್ ಕೀಳೆಂದು ನಾನು ಹೇಳುತ್ತಿಲ್ಲ. ಧ್ವನಿಮುದ್ರಿಕೆ ಒಂದು ರೀತಿ, ನೀವು ಇನ್ನೊಂದು ರೀತಿ ಹೇಳಿದರೆ ಹತ್ತು ವರ್ಷದ ಮಗುವಿಗೆ ಗೊಂದಲವಾಗುತ್ತದೆ ಎಂಬುದಷ್ಟೇ ಕಾರಣ.

ಮಕ್ಕಳು ಇಂಗ್ಲಿಷ್ ಎಂದೇ ನಂಬಿರುವ ಕೆಲವು ಪದಗಳ ಬಗ್ಗೆಯೂ ಎಚ್ಚರವಿರಲಿ. "ಮನ್‌ಶೋನ್" ಅಲ್ಲಿ ಬಂಗಲೆಯಲ್ಲ, ಸಾಧಾರಣ ಅಪಾರ್ಟ್‌ಮೆಂಟ್. "ಕೊನ್ಸೆನ್ತೊ" ಎಂದರೆ ವಿದ್ಯುತ್ ಪ್ಲಗ್ ಚುಚ್ಚುವ ಜಾಗ, "ಬಾಯ್ಕಿಂಗು" ಎಂದರೆ ಬಫೆ ಊಟ, "ತೊರನ್ಪು" ಎಂದರೆ ಇಸ್ಪೀಟೆಲೆ.

7. ನಿಮ್ಮ ಹೆಸರು ಮತ್ತು ಸ್ವಪರಿಚಯ

ಮೊದಲ ಪಾಠ ಸ್ವಪರಿಚಯದ್ದು. ಹೆಸರನ್ನು ಎರಡು ಮೂರು ಅಕ್ಷರಕ್ಕೆ ಇಳಿಸಿ. ಲಕ್ಷ್ಮಿ "ರಕುಶುಮಿ" ಆಗುತ್ತಾಳೆ, ಆನಂದ "ಆನಂದೊ" ಆಗುತ್ತಾನೆ. ಮಂಜು ಎಂಬ ಹೆಸರಿನವರಿಗೆ ಮುಂಚಿತವಾಗಿ ಹೇಳಿಬಿಡುತ್ತೇನೆ: ಮಂಜೂ ಎಂಬುದು ಹೂರಣ ತುಂಬಿದ ಜಪಾನಿ ಸಿಹಿತಿಂಡಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆದರೆ ಆ ಹೆಸರನ್ನು ಎಂದೂ ಮರೆಯುವುದಿಲ್ಲ.

ಊರಿನ ಚಿತ್ರಗಳು, ಹತ್ತು ರೂಪಾಯಿಯ ನೋಟು, ಒಂದು ಭೂಪಟ ಇದ್ದರೆ ಸಾಕು. ಜಪಾನಿಯ ಅಕ್ಷರಗಳು ನಮ್ಮ ಕಾಗುಣಿತದಂತೆಯೇ ಸ್ವರಸಹಿತವಾದ್ದರಿಂದ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿ ಸಲೀಸಾಗಿ ಬರೆದು ತೋರಿಸಬಹುದು. ಸಕುರ ಎಂಬ ಹೆಸರಿನ ಮೂರು ಅಕ್ಷರಗಳು ಕನ್ನಡದಲ್ಲೂ ಮೂರೇ. ಆದರೆ ಒಬ್ಬರಿಗೆ ಬರೆದುಕೊಟ್ಟರೆ ಎಲ್ಲರಿಗೂ ಬರೆಯಬೇಕು, ಅದಕ್ಕೆ ಬಿಡುವಿನ ವೇಳೆಯೇ ಸರಿ.

8. ಊಟ, ಶುಚಿಗೆಲಸ, ಆಟದ ಬಯಲು

ನಾಲ್ಕು ಅವಧಿಗಳ ನಂತರ ಶಾಲೆಯ ಊಟ, ಅಂದರೆ ಕ್ಯೂಶೊಕು. ಅಡುಗೆ ಸುರಕ್ಷಿತವೇ ಎಂದು ಮುಖ್ಯೋಪಾಧ್ಯಾಯರು ಮುಂಚೆಯೇ ಉಂಡು ಪರೀಕ್ಷಿಸಿರುತ್ತಾರೆ. ಬಿಳಿ ನಿಲುವಂಗಿ, ಟೋಪಿ, ಮುಖಗವಸು ತೊಟ್ಟ ಸರದಿಯ ಮಕ್ಕಳೇ ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ "ಇತದಕಿಮಸು" ಎನ್ನುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ, ಮುಗಿದಾಗ "ಗೊಚಿಸೋಸಮ".

ಸಸ್ಯಾಹಾರಿಗಳಿಗೆ ಸ್ಪಷ್ಟ ಉತ್ತರ: ಈ ಊಟ ನಿಮಗಲ್ಲ. ಮಾಂಸವಿಲ್ಲದಂತೆ ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ಕಷಾಯ ಇರುತ್ತದೆ. ಸೇರಿದ ದಿನವೇ ಉಪಮುಖ್ಯೋಪಾಧ್ಯಾಯರಿಗೆ ತಿಳಿಸಿ ಬುತ್ತಿ ತರುವ ಅನುಮತಿ ಪಡೆಯಿರಿ. ತಿಂಗಳ ನಡುವೆ ಹೇಳಿದರೆ ಹಣ ಹಿಂದಕ್ಕೆ ಸಿಗುವುದು ಕಷ್ಟ. ನಿಮ್ಮ ಬುತ್ತಿಯ ಚಿತ್ರಾನ್ನವನ್ನು ಮಗು ಎಷ್ಟೇ ಆಸೆಯಿಂದ ನೋಡಿದರೂ ಒಂದು ಚಮಚ ಕೂಡ ಕೊಡಬೇಡಿ. ಕಡಲೆಬೀಜಕ್ಕೆ ಅಲರ್ಜಿಯಿರುವ ಮಗು ಯಾವುದೆಂದು ನಿಮಗೆ ತಿಳಿದಿರುವುದಿಲ್ಲ. ಬಹುಮಾನವಾಗಿ ಮಿಠಾಯಿ ಹಂಚುವುದನ್ನೂ ಇದೇ ಕಾರಣಕ್ಕೆ ಬಿಟ್ಟುಬಿಡಿ, ಅಂಟುಚೀಟಿಗಳು ಸಾಕು.

ಊಟದ ಆಸುಪಾಸಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಸೋಜಿ, ಅಂದರೆ ಮಕ್ಕಳೇ ಶಾಲೆಯನ್ನು ಗುಡಿಸಿ ಒರೆಸುವ ಕೆಲಸ. ನೀವು ಒರೆಸಲೇಬೇಕೆಂಬ ನಿಯಮ ಎಲ್ಲ ಕಡೆಯೂ ಇಲ್ಲ, ಆದರೂ ಬಟ್ಟೆ ಹಿಡಿದು ಕೂತರೆ ಪಾಠದಲ್ಲಿ ಬಾಯಿ ಬಿಡದ ಮಕ್ಕಳೂ ಪಕ್ಕಕ್ಕೆ ಬಂದು ಮಾತಾಡುತ್ತಾರೆ. ನನ್ನ ಮಟ್ಟಿಗೆ, ಮಕ್ಕಳು ತಾವಾಗಿ ಆಡಿದ ಇಂಗ್ಲಿಷನ್ನು ಹೆಚ್ಚಾಗಿ ಕೇಳಿದ್ದು ಅಲ್ಲಿ ಮತ್ತು ಬಿಡುವಿನ ಚೆಂಡಾಟದಲ್ಲಿ.

ಆಟದ ವೇಳೆ ಚಿಕ್ಕ ತರಗತಿಯ ಮಕ್ಕಳು ಮೈಮೇಲೆ ಹತ್ತುವುದು, ತೋಳಿಗೆ ಜೋತಾಡುವುದು ಇರುತ್ತದೆ. ಹಿಂದಿನಿಂದ ಬಂದು ಜೋಡಿಸಿದ ಬೆರಳುಗಳಿಂದ ಚುಚ್ಚುವ ಕನ್‌ಚೋ ಎಂಬ ಕೆಟ್ಟ ಚೇಷ್ಟೆಯೂ ಇದೆ. ನಗಬೇಡಿ, ಕೈ ಎತ್ತಬೇಡಿ; "ದಮೆ", ಅಂದರೆ ಕೂಡದು, ಎಂದು ಗಟ್ಟಿಯಾಗಿ ಹೇಳಿ, ಮತ್ತೆ ನಡೆದರೆ ತರಗತಿ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಚಿತ್ರಗಳನ್ನು ನಿಮ್ಮ ಫೋನಿನಲ್ಲಿ ತೆಗೆಯಲೇಬೇಡಿ. ಊರಿನ ನೆಂಟರಿಗೆ ತೋರಿಸಲೆಂದು ತೆಗೆದ ಒಂದೇ ಒಂದು ಚಿತ್ರ ಜಾಲತಾಣಕ್ಕೆ ಹೋದರೂ ಕೆಲಸ ಹೋಗಬಹುದು.

9. ಭೂಕಂಪದ ತಾಲೀಮು

ಸ್ಥಳಾಂತರದ ತಾಲೀಮು ವರ್ಷದಲ್ಲಿ ಹಲವು ಬಾರಿ ನಡೆಯುತ್ತದೆ. ಘೋಷಣೆಯಾದ ತಕ್ಷಣ ಮಕ್ಕಳು ಮೇಜಿನಡಿ ಸೇರಿ ಅದರ ಕಾಲುಗಳನ್ನು ಹಿಡಿದುಕೊಳ್ಳುತ್ತಾರೆ; ನೀವು ಬಾಗಿಲು ತೆರೆದಿಟ್ಟು, ಕಿಟಕಿಯಿಂದ ದೂರ ಸರಿದು, ತಲೆ ಕಾಪಾಡಿಕೊಳ್ಳಬೇಕು. "ಒ-ಕ-ಶಿ-ಮೊ" ಎಂಬ ಸೂತ್ರವನ್ನು ಮಕ್ಕಳೆಲ್ಲ ಬಲ್ಲರು: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ. ತಾಲೀಮಿನಲ್ಲಿ ಮಕ್ಕಳನ್ನು ನಗಿಸುವುದು, ಕೈಬೀಸುವುದು ಬೇಡ. ನಿಮ್ಮ ಪಾಠದ ಮಧ್ಯೆಯೇ ನಿಜವಾದ ಕಂಪನ ಬರಬಹುದು, ಬಯಲಿನಲ್ಲಿ ಯಾವ ತರಗತಿಯ ಸಾಲಿನ ಹಿಂದೆ ನಿಲ್ಲಬೇಕು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

10. ಸಂಜೆ ಹೊರಡುವಾಗ

ಮಕ್ಕಳು ಹೋದ ನಂತರವೂ ನಿಮ್ಮ ಕೆಲಸದ ವೇಳೆ ಮುಗಿದಿರುವುದಿಲ್ಲ. ಮರುದಿನದ ಚೀಟಿಗಳನ್ನು ಕತ್ತರಿಸುವುದು, ಯೋಜನೆಯ ಹಾಳೆಗಳನ್ನು ಮೇಜುಗಳಿಗೆ ಹಂಚುವುದು, ಇಂದಿನ ಪಾಠ ಎಲ್ಲಿ ನಿಂತಿತೆಂದು ಬರೆದಿಡುವುದು ಈಗ. ಎರಡು ಮೂರು ಶಾಲೆಗಳಿಗೆ ಹೋಗುವವರು ಶಾಲೆಗೊಂದು ಪುಸ್ತಕ ಇಡಿ, ಇಲ್ಲದಿದ್ದರೆ ಒಂದೇ ಆಟವನ್ನು ಒಂದೇ ತರಗತಿಗೆ ಮೂರು ಬಾರಿ ಆಡಿಸುತ್ತೀರಿ. ಸಂಬಳಸಹಿತ ರಜೆ ಬೇಕಿದ್ದರೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಅರ್ಜಿಯ ಹಾಳೆಯ ಮೇಲೆ ನಿಮ್ಮ ಹೆಸರಿನ ಮೊಹರು ಅಥವಾ ಸಹಿ ಹಾಕಿ ಕೊಡಿ.

ವೇಳೆ ಮುಗಿದಾಗ ಉಳಿ‍ದವರೆಲ್ಲ ಇನ್ನೂ ಕುಳಿತೇ ಇರುತ್ತಾರೆ. ನಿಮ್ಮ ಒಪ್ಪಂದದ ಸಮಯಕ್ಕೆ ಹೊರಡುವುದರಲ್ಲಿ ತಪ್ಪಿಲ್ಲ, ಹೇಳದೆ ಹೊರಡುವುದು ಮಾತ್ರ ತಪ್ಪು. ಕುರ್ಚಿಯನ್ನು ಮೇಜಿನಡಿ ಸರಿಸಿ, ಬಾಗಿಲ ಬಳಿ ತಿರುಗಿ ನಿಂತು "ಒಸಕಿ ನಿ ಶಿತ್ಸುರೇ ಶಿಮಸು" ಎನ್ನಿ; ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ ಎಂದು ಅದರ ಅರ್ಥ. "ಒತ್ಸುಕರೆಸಮ" ಎಂಬ ಉತ್ತರ ಬಂದ ಮೇಲೆ ಉವಬಕಿಯನ್ನು ಗೂಡಿನಲ್ಲಿಡಿ. ಶುಕ್ರವಾರವಾಗಿದ್ದರೆ ತೊಳೆಯಲು ಮನೆಗೆ ಒಯ್ಯಿರಿ, ಮಕ್ಕಳೂ ಹಾಗೆಯೇ ಮಾಡುತ್ತಾರೆ.